ನೀರಿಗೆ ಒಲಿಯದ ಅರಿಸಿನ

ಒಂದು ಲೋಟ ನೀರಿಗೆ ಚಿಟಿಕೆ ಅರಿಸಿನ ಹಾಕಿ ಕದಡಿ. ನೀರೆಲ್ಲ ಹಳದಿ! ಸ್ವಲ್ಪ ಹೊತ್ತು ಬಿಟ್ಟು ನೋಡಿ, ಪುಡಿ ತಳ ಸೇರಿರುತ್ತದೆ. ಅದೇ ಚಿಟಿಕೆ ಒಗ್ಗರಣೆಯ ಎಣ್ಣೆಗೆ ಬಿದ್ದರೆ ಎಣ್ಣೆಯೇ ಬಂಗಾರದ ಬಣ್ಣ. ಸಾರಿನ ಮೇಲೆ ತೇಲುವ ಕೆಂಪು ಕಣ್ಣುಗಳನ್ನು ನೋಡಿದ್ದೀರಲ್ಲ? ಮೆಣಸಿನಕಾಯಿಯ ಕೆಂಪು ಕೂಡ ನೀರನ್ನು ಬಿಟ್ಟು ಎಣ್ಣೆಯ ಬೆನ್ನು ಹತ್ತಿದೆ. ಯಾವ ದ್ರಾವಕಕ್ಕೆ ಯಾವ ಗಿಡದ ಯಾವ ಸತ್ವ ಒಲಿಯುತ್ತದೆ ಎಂಬ ದೊಡ್ಡ ಪ್ರಶ್ನೆ ದಿನವೂ ನಮ್ಮ ಒಲೆಯ ಮೇಲೆ ಕುದಿಯುತ್ತಿದೆ!

ಕೈಗಾರಿಕೆ ಇದಕ್ಕೆ ಕಂಡುಕೊಂಡ ಸುಲಭದ ಉತ್ತರಗಳಲ್ಲೊಂದು ಹೆಕ್ಸೇನ್. ಪೆಟ್ರೋಲಿಯಂನಿಂದ ಬರುವ ಇದು 69 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಆವಿಯಾಗುತ್ತದೆ, ಎಣ್ಣೆಯಂಶವನ್ನು ಚೆನ್ನಾಗಿ ಎಳೆಯುತ್ತದೆ. ಆದರೆ ಬೆಂಕಿಗೆ ಬೇಗ ಸಿಗುತ್ತದೆ, ಬಹುಕಾಲ ಉಸಿರಾಡಿದವರ ನರಗಳನ್ನು ಕೆಡಿಸುತ್ತದೆ. ಬದಲಿ ಬೇಕೇ ಬೇಕು.

ಆ ಬದಲಿ ಎಲ್ಲಿತ್ತು ಗೊತ್ತೇ? ನಾವು ಹೊರಗೆ ಬಿಡುವ ಉಸಿರಿನಲ್ಲಿ!

1822ರಲ್ಲಿ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಗಟ್ಟಿ ಲೋಹದ ನಳಿಗೆಯೊಳಗೆ ಆಲ್ಕೋಹಾಲನ್ನೂ ಒಂದು ಚಕಮಕಿ ಕಲ್ಲಿನ ಗುಂಡನ್ನೂ ಇಟ್ಟು, ಬಾಯಿ ಮುಚ್ಚಿ ಕಾಯಿಸಿದರು. ನಳಿಗೆ ಅಲ್ಲಾಡಿಸಿ ಕಿವಿಗೊಟ್ಟು ಕೇಳಿದರು. ಗುಂಡು ದ್ರವಕ್ಕೆ ಬೀಳುವ ಸದ್ದು ಒಂದು ಹಂತದ ಶಾಖ ದಾಟಿದ ಮೇಲೆ ಇಲ್ಲವೇ ಇಲ್ಲ! ದ್ರವ ಯಾವುದು, ಆವಿ ಯಾವುದು ಎಂಬ ಗಡಿಯೇ ಅಳಿಸಿಹೋಗಿತ್ತು. ಕಾರ್ಬನ್ ಡೈಆಕ್ಸೈಡಿಗೆ ಆ ಗಡಿ ಅಳಿಯುವುದು ಬರೀ 31 ಡಿಗ್ರಿಯಲ್ಲಿ, ನಮ್ಮ ಮೈಶಾಖಕ್ಕಿಂತ ಕಡಿಮೆ. ಒತ್ತಡ ಮಾತ್ರ ಸುಮಾರು 73 ವಾಯುಭಾರದಷ್ಟು ಬೇಕು. ಆಗ ಅದು ಅನಿಲದಂತೆ ಸಂದುಗೊಂದಿಗೆಲ್ಲ ನುಗ್ಗುತ್ತದೆ, ದ್ರವದಂತೆ ಕರಗಿಸುತ್ತದೆ. ಕೆಲಸ ಮುಗಿಯಿತೆ? ಒತ್ತಡ ಇಳಿಸಿ. ದ್ರಾವಕ ಹಾರಿಹೋಗುತ್ತದೆ, ಸಾರವಷ್ಟೇ ಉಳಿಯುತ್ತದೆ! ಹಾರಿದ್ದನ್ನು ಹಿಡಿದು ಮತ್ತೆ ಬಳಸಬಹುದು.

1960ರ ದಶಕದಲ್ಲಿ ಜರ್ಮನಿಯ ಕುರ್ಟ್ ಜೋಸೆಲ್ ಇದರಿಂದ ಕಾಫಿ ಬೀಜದ ಕೆಫೀನನ್ನು ತೆಗೆಯುವ ದಾರಿ ಕಂಡುಕೊಂಡರು. ಬೀಜವನ್ನು ಮೊದಲು ತೇವ ಮಾಡಬೇಕು, ಒಣಬೀಜ ಕೆಫೀನನ್ನು ಸುಲಭವಾಗಿ ಬಿಡುವುದಿಲ್ಲ. ಎಂಥ ಸೂಕ್ಷ್ಮ!

ಮೆಣಸಿನಕಾಯಿಯಲ್ಲಿ ಇನ್ನೂ ಸೊಗಸು. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಕಡುಗೆಂಪಿಗೆ. ವೀಣೆಯ ಬಿರಡೆ ತಿರುವಿದಂತೆ ಒತ್ತಡವನ್ನು ತಿರುವುತ್ತಾ ಹೋಗಿ: ಕಡಿಮೆ ಒತ್ತಡಕ್ಕೆ ಹಳದಿ ಛಾಯೆಯ ಬೀಟಾ ಕ್ಯಾರೊಟಿನ್ ಮೊದಲು ಹೊರಡುತ್ತದೆ, ಒತ್ತಡ ಏರಿದ ಮೇಲೆ ಕೆಂಪಿನ ಕ್ಯಾಪ್ಸಾಂಥಿನ್ ಹಿಂದೆಯೇ ಬರುತ್ತದೆ. ಒಂದೇ ಕಾಯಿ, ಒಂದೇ ಅನಿಲ, ಬಣ್ಣ ಮಾತ್ರ ಬೇರೆ!

ಅರಿಸಿನ ಇಲ್ಲಿಯೂ ಹಟ ಬಿಡುವುದಿಲ್ಲ. ಈ ಅನಿಲಕ್ಕೆ ಅದು ತನ್ನ ಪರಿಮಳದ ಎಣ್ಣೆಯನ್ನು ಕೊಡುತ್ತದೆ, ಹಳದಿಯ ಕರ್ಕ್ಯುಮಿನ್ನನ್ನು ಬಹುಪಾಲು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅದನ್ನು ಹೊರಡಿಸಲು ಕಬ್ಬಿನ ಕಾಕಂಬಿಯಿಂದ ಬಟ್ಟಿಯಿಳಿಸಿದ ಆಲ್ಕೋಹಾಲ್ ಸಾಕು. ಜೊತೆಗೆ ಶ್ರವಣಾತೀತ ಶಬ್ದ ಹಾಯಿಸಿದರೆ ಸಣ್ಣ ಗುಳ್ಳೆಗಳು ಹುಟ್ಟಿ ಒಡೆದು ಜೀವಕೋಶದ ಗೋಡೆಯನ್ನು ಹರಿಯುತ್ತವೆ, ಸಮಯ ಉಳಿಯುತ್ತದೆ.

ಕೊನೆಯ ಅಚ್ಚರಿ ಕೇಳಿ. ಕೋಲೀನ್ ಕ್ಲೋರೈಡ್ 302 ಡಿಗ್ರಿಯಲ್ಲಿ ಕರಗುವ ಪುಡಿ, ಯೂರಿಯಾ 133ರಲ್ಲಿ. ಅಣುಗಳ ಲೆಕ್ಕದಲ್ಲಿ ಮೊದಲನೆಯದರ ಒಂದು ಪಾಲಿಗೆ ಯೂರಿಯಾದ ಎರಡು ಪಾಲು ಬೆರೆಸಿದರೆ ಆ ಮಿಶ್ರಣ 12 ಡಿಗ್ರಿಯಲ್ಲೇ ದ್ರವ, ಅದೂ ಒಂದು ದ್ರಾವಕ! ಸಕ್ಕರೆ, ಹಣ್ಣಿನ ಆಮ್ಲಗಳಿಂದಲೂ ಇಂಥ ದ್ರಾವಕ ಆಗುತ್ತದೆ. ಗಿಡದ ಕೋಶದೊಳಗೇ ನೀರು, ಎಣ್ಣೆಯಂಶಗಳಲ್ಲದೆ ಇಂಥ ಮೂರನೆಯ ದ್ರವ ಇರಬಹುದೆಂದು 2011ರಲ್ಲಿ ನೆದರ್ಲೆಂಡ್ಸಿನ ಲೈಡನ್ನಿನ ಸಂಶೋಧಕರು ಊಹೆ ಮುಂದಿಟ್ಟರು. ತೊಡಕೂ ಇದೆ: ಇಂಥ ದ್ರಾವಕ ಆವಿಯಾಗದು, ಹಿಡಿದ ಸಾರವನ್ನು ಸುಲಭವಾಗಿ ಬಿಟ್ಟುಕೊಡದು.

ಹಾಗಾಗಿ ನನ್ನ ತೀರ್ಪು ಇದು: ಕರ್ಕ್ಯುಮಿನ್ನಿಗೆ ಕಬ್ಬಿನ ಆಲ್ಕೋಹಾಲೇ ಸರಿ. ಮೆಣಸಿನಕಾಯಿಗೆ ಒತ್ತಿ ಹಿಡಿದ ಅನಿಲವೇ ಸೈ, ಅದರ ಗಟ್ಟಿ ಉಕ್ಕಿನ ಪಾತ್ರೆಗಳಿಗೆ ಹಣ ಹೆಚ್ಚು ಸುರಿಯಬೇಕಾದರೂ.