ಹಾವಿನ ವಿಷ ಮತ್ತು ಜೀವಕೋಶದ ಪೊರೆ

ಅಮೃತೂರಿನ ಸುತ್ತಮುತ್ತ ರಾಗಿ ಕೊಯ್ಲಿಗೆ ಬಂದಾಗ, ಮಾರ್ಕೋನಹಳ್ಳಿ ಜಲಾಶಯದ ನೀರುಣ್ಣುವ ಗದ್ದೆಗಳಲ್ಲಿ ಬತ್ತ ಬಲಿತಾಗ, ಇಲಿಗಳು ಬರುತ್ತವೆ. ಇಲಿಗಳ ಬೆನ್ನಿಗೆ ಹಾವುಗಳು ಬರುತ್ತವೆ. ಕುಡುಗೋಲು ಹಿಡಿದ ಕೈಗೋ, ಬರಿಗಾಲಿಗೋ ಹಾವು ಕಚ್ಚಿದರೆ ‘ತಡಮಾಡದೆ ಆಸ್ಪತ್ರೆಗೆ ಹೋಗಿ’ ಎಂದು ಎಲ್ಲರೂ ಹೇಳುತ್ತಾರೆ. ತಡವಾದರೆ ಏನಾಗುತ್ತದೆ? ಮೊದಲ ಗಂಟೆಯಲ್ಲಿ ಕೊಟ್ಟ ಪ್ರತಿವಿಷಕ್ಕೂ ಮರುದಿನ ಕೊಟ್ಟ ಪ್ರತಿವಿಷಕ್ಕೂ ವ್ಯತ್ಯಾಸ ಏಕೆ? ಇದನ್ನು ತಿಳಿಯಬೇಕಾದರೆ ನಮ್ಮ ಜೀವಕೋಶಗಳ ಹೊರಪೊರೆ ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಸ್ವಲ್ಪ ನೋಡಬೇಕು.

ಈ ಪೊರೆ ಬಹಳ ತೆಳು. ಒಂದು ಮಿಲಿಮೀಟರನ್ನು 2 ಲಕ್ಷ ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಸುಮಾರು ಅಷ್ಟು ದಪ್ಪ. ಇದರ ಮುಖ್ಯ ಸಾಮಗ್ರಿ ಲಿಪಿಡ್ ಎಂಬ ಕೊಬ್ಬಿನ ಜಾತಿಯ ಅಣುಗಳು. ಇಂಥ ಒಂದೊಂದು ಅಣುವಿಗೂ ಒಂದು ತಲೆ, ಎರಡು ಬಾಲಗಳಿವೆ ಎಂದುಕೊಳ್ಳಿ. ತಲೆಗೆ ನೀರೆಂದರೆ ಇಷ್ಟ. ಬಾಲಗಳಿಗೆ ನೀರು ಆಗದು. ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆಯಂತೆ ಅವು ನೀರಿನಿಂದ ದೂರ ಸರಿದು ತಮ್ಮತಮ್ಮಲ್ಲೇ ಒಟ್ಟುಗೂಡುತ್ತವೆ. ಜೀವಕೋಶದ ಒಳಗೂ ನೀರು, ಹೊರಗೂ ನೀರು. ಹಾಗಾಗಿ ಈ ಅಣುಗಳು ಎರಡು ಸಾಲಾಗಿ ನಿಲ್ಲುತ್ತವೆ. ತಲೆಗಳು ಎರಡೂ ಕಡೆಯ ನೀರಿನತ್ತ, ಬಾಲಗಳು ನಡುವೆ ಮುಖಾಮುಖಿ. ಯಾವ ಅಂಟೂ ಇಲ್ಲ, ಮೊಳೆಯೂ ಇಲ್ಲ. 1925ರಲ್ಲಿ ಇಬ್ಬರು ಡಚ್ ವಿಜ್ಞಾನಿಗಳು ಕೆಂಪು ರಕ್ತಕಣಗಳ ಕೊಬ್ಬನ್ನೆಲ್ಲ ತೆಗೆದು ನೀರಿನ ಮೇಲೆ ಹರಡಿ ಅಳೆದರು. ಅದು ಆ ಕಣಗಳನ್ನು ಎರಡು ಸಲ ಹೊದಿಸುವಷ್ಟಿತ್ತು.

ಎರಡು ಸಾಲು ಎಂದ ಮಾತ್ರಕ್ಕೆ ಎರಡೂ ಒಂದೇ ಬಗೆಯವಲ್ಲ. ಕೆಂಪು ರಕ್ತಕಣದ ಹೊರಸಾಲಿನಲ್ಲಿ ಹೆಚ್ಚಾಗಿರುವುದು ಲೆಸಿಥಿನ್ (ಮೊಟ್ಟೆಯ ಹಳದಿಯಲ್ಲೂ ಇದು ಯಥೇಚ್ಛವಾಗಿದೆ) ಮತ್ತು ಸ್ಫಿಂಗೊಮೈಲಿನ್. ಫಾಸ್ಫಟಿಡೈಲ್ ಸೆರೀನ್ ಎಂಬುದಕ್ಕೆ ಮಾತ್ರ ಒಳಸಾಲಿನಲ್ಲೇ ಜಾಗ. ಇದು ಗೊತ್ತಾದ ಬಗೆ ಸ್ವಾರಸ್ಯವಾಗಿದೆ. 1973ರಲ್ಲಿ ಹಾಲೆಂಡಿನ ಉಟ್ರೆಕ್ಟ್‌ನ ಸಂಶೋಧಕರು ನಾಗರಹಾವಿನ ವಿಷದಿಂದ ಬೇರ್ಪಡಿಸಿದ ಒಂದು ಕಿಣ್ವವನ್ನು ಇಡಿಯಾದ ರಕ್ತಕಣಗಳ ಮೇಲೆ ಬಿಟ್ಟರು. ಅದು ಹೊರಗಿದ್ದ ಲೆಸಿಥಿನ್ನನ್ನು ಕತ್ತರಿಸಿತು, ಸೆರೀನಿನ ಲಿಪಿಡ್ಡನ್ನು ಮುಟ್ಟಲಿಲ್ಲ. ಕಣವನ್ನು ಒಡೆದು ಒಳಮೈಯನ್ನೂ ತೆರೆದಿಟ್ಟಾಗ ಅದನ್ನೂ ಕತ್ತರಿಸಿತು! ನಾವು ಹುತ್ತಕ್ಕೆ ಹಾಲೆರೆಯುವ ಹಾವಿನ ವಿಷವೇ ಪೊರೆಯ ಒಳಗುಟ್ಟನ್ನು ಬಿಟ್ಟುಕೊಟ್ಟಿತು.

ಸೆರೀನನ್ನು ಒಳಗೇ ಇಟ್ಟಿರುವುದೇಕೆ? ಅದು ಹೊರಗೆ ಕಾಣಿಸಿಕೊಂಡರೆ ರಕ್ತ ಹೆಪ್ಪುಗಟ್ಟಲು ತೊಡಗುತ್ತದೆ. ಕುಡುಗೋಲು ತಗುಲಿ ಬೆರಳು ಕುಯ್ದುಕೊಂಡಾಗ ಅಲ್ಲಿಗೆ ಬಂದು ಅಂಟುವ ರಕ್ತದ ಕಿರುಬಿಲ್ಲೆಗಳು ತಮ್ಮ ಒಳಸಾಲಿನ ಸೆರೀನನ್ನು ಹೊರಕ್ಕೆ ಮಗುಚುತ್ತವೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳು ಅದರ ಮೇಲೆ ಬಂದು ಕೂರುತ್ತವೆ. ಕೆಲಸದ ವೇಗ ಸಾವಿರಾರು ಪಟ್ಟು ಹೆಚ್ಚುತ್ತದೆ. ಗಾಯವಿಲ್ಲದ ಕಡೆ ಹೀಗಾಗಬಾರದಲ್ಲ! ಅದಕ್ಕೆಂದೇ ಪೊರೆಯಲ್ಲಿರುವ ಕೆಲವು ಪ್ರೋಟೀನುಗಳು ಹೊರಗೆ ಜಾರಿದ ಸೆರೀನನ್ನು ಹಿಡಿದು ಒಳಗೆ ತಳ್ಳುತ್ತಲೇ ಇರುತ್ತವೆ. ಈ ಕಾವಲಿಗೆ ಜೀವಕೋಶ ಸದಾ ಶಕ್ತಿ ವ್ಯಯಿಸುತ್ತದೆ.

ಇಂಥ ವ್ಯವಸ್ಥೆಯ ಮೇಲೆ ವಿಷ ಬಂದು ಬೀಳುತ್ತದೆ. ಮೇಲೆ ಹೇಳಿದ ಕಿಣ್ವದ ಹೆಸರು ಫಾಸ್ಫೊಲೈಪೇಸ್ ಎ2. ಮೈಸೂರು ವಿಶ್ವವಿದ್ಯಾನಿಲಯದ ಜೀವರಸಾಯನ ವಿಭಾಗದಲ್ಲೂ ಇದರ ಅಧ್ಯಯನ ಬಹುಕಾಲ ನಡೆದಿದೆ. ಲಿಪಿಡ್ ಅಣುವಿನ ಎರಡು ಬಾಲಗಳಲ್ಲಿ ಒಂದನ್ನು ಅದು ಕತ್ತರಿಸಿ ಹಾಕುತ್ತದೆ. ಒಂಟಿ ಬಾಲದ ಅಣು ಸಾಲಿನಲ್ಲಿ ನೆಟ್ಟಗೆ ನಿಲ್ಲಲಾರದು. ನಾಗರಹಾವಿನ ವಿಷದಲ್ಲಿ ಪೊರೆಯನ್ನು ಸಡಿಲಿಸುವ ಬೇರೆ ಪುಟ್ಟ ಪ್ರೋಟೀನುಗಳೂ ಇವೆ. ಎರಡೂ ಸೇರಿದರೆ ಜೀವಕೋಶ ಒಡೆಯುತ್ತದೆ. ಕಚ್ಚಿದ ಜಾಗದ ಮಾಂಸ ಕಪ್ಪಾಗಿ ಕೊಳೆಯುವುದು ಹೀಗೆ.

ಕಟ್ಟುಹಾವಿನದು ಇನ್ನೂ ಕಪಟದ ದಾರಿ. ಇದರ ವಿಷದಲ್ಲಿ ಇದೇ ಜಾತಿಯ ಕಿಣ್ವವೊಂದು ನರದ ತುದಿಯನ್ನು ಹುಡುಕಿ ಹೋಗಿ ಅಲ್ಲಿನ ಪೊರೆಯನ್ನು ಹಾಳುಗೆಡವುತ್ತದೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚಿದರೆ ನೋವು, ಬಾವು ಹೆಚ್ಚಿರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಜೋತುಬಿದ್ದ ರೆಪ್ಪೆ, ಆಮೇಲೆ ಉಸಿರಾಟಕ್ಕೇ ಸಂಚಕಾರ.

ಕೊಳಕುಮಂಡಲದ ವಿಷ ಬೇರೆ ಕಿಣ್ವಗಳಿಂದ, ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನೆಲ್ಲ ಅಕಾಲದಲ್ಲಿ ಖರ್ಚು ಮಾಡಿಸಿಬಿಡುತ್ತದೆ. ಆಮೇಲೆ ಒಸಡು, ಮೂತ್ರ, ಚುಚ್ಚಿದ ಜಾಗ ಎಲ್ಲೆಂದರಲ್ಲಿ ರಕ್ತ. ಇದನ್ನು ಗುರುತಿಸಲು ವೈದ್ಯರು 2 ಮಿಲಿಲೀಟರಿನಷ್ಟು ರಕ್ತವನ್ನು ಒಣಗಿದ ಶುಭ್ರ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ನೋಡುತ್ತಾರೆ. ಆಮೇಲೂ ರಕ್ತ ನೀರಾಗಿಯೇ ಇದ್ದರೆ ಪ್ರತಿವಿಷ ಬೇಕೆಂದು ಅರ್ಥ.

ಪ್ರತಿವಿಷ ತಯಾರಾಗುವುದು ಕುದುರೆಗಳ ರಕ್ತದಿಂದ. (ಕುಣಿಗಲ್ಲಿನ ಹೆಸರುವಾಸಿ ಕುದುರೆಗಳು ಜೂಜಿನ ಓಟಕ್ಕೆ ಸೇರಿದವು, ಇವು ಬೇರೆ!) ಪ್ರತಿವಿಷವು ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿದು ಕಟ್ಟಿಹಾಕುತ್ತದೆ, ಅಷ್ಟೆ. ಕತ್ತರಿಸಿಹೋದ ಲಿಪಿಡ್ಡಿಗೆ ಅದು ಬಾಲ ಜೋಡಿಸಲಾರದು, ಹಾಳಾದ ನರತುದಿಯನ್ನು ಹೊಲಿಯಲಾರದು. ಆ ದುರಸ್ತಿಯನ್ನು ದೇಹವೇ ಮಾಡಿಕೊಳ್ಳಬೇಕು. ಕಟ್ಟುಹಾವು ಕಚ್ಚಿದವರಿಗೆ ನರತುದಿ ಮತ್ತೆ ಬೆಳೆಯುವವರೆಗೆ, ಕೆಲವೊಮ್ಮೆ ದಿನಗಟ್ಟಲೆ, ಕೃತಕ ಉಸಿರಾಟ ಬೇಕಾಗುತ್ತದೆ. ಹಾಗೆಂದು ತಡವಾಯಿತೆಂದು ಮನೆಯಲ್ಲೇ ಉಳಿಯಬೇಡಿ. ಮೈಯಲ್ಲಿ ವಿಷ ಓಡಾಡುತ್ತಿರುವಷ್ಟು ಕಾಲವೂ ಪ್ರತಿವಿಷಕ್ಕೆ ಕೆಲಸವಿದೆ.

ಗಾಯ ಕುಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗದಿಂದ ಬಿಗಿಯಬೇಡಿ. ಉಂಗುರ, ಕಾಲುಂಗುರ, ಬಳೆ ತೆಗೆಯಿರಿ. ಕಚ್ಚಿಸಿಕೊಂಡವರನ್ನು ನಡೆಸದೆ, ಕೈಕಾಲಿಗೆ ದಬ್ಬೆ ಕಟ್ಟಿ, 108ಕ್ಕೆ ಕರೆ ಮಾಡಿ. ನಾಟಿ ಔಷಧ, ಮಂತ್ರ ಎಂದು ಕಳೆಯುವ ಒಂದೊಂದು ಗಂಟೆಯೂ ಆ ಕಿಣ್ವಕ್ಕೆ ಸಿಗುವ ಬಿಡುವು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸಾರಿದೆ. ಹಾಗಾಗಿ ಖಾಸಗಿ ಆಸ್ಪತ್ರೆಗೆ ಹೋದರೂ ಅಲ್ಲಿನವರು ಅದನ್ನು ಆರೋಗ್ಯ ಇಲಾಖೆಗೆ ತಿಳಿಸಬೇಕು.