ಒಗರು ಮಾಗುವ ಹೊತ್ತು

ಬಹುಕಾಲ ಬಾಳುವಂಥ ಉತ್ತಮ ಕೆಂಪು ವೈನನ್ನು ಅದರ ಎಳವೆಯಲ್ಲಿ ಸವಿದವರಿಗೆ ಮೊದಲು ಅನುಭವಕ್ಕೆ ಬರುವುದು ಒಗರು. ಎಳೆಯ ಅಡಕೆಯನ್ನು ಅಗಿದಂತೆ ವಸಡು ಬಿಗಿಯುತ್ತದೆ, ನಾಲಗೆ ಒಣಗುತ್ತದೆ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ, ಕಾಬರ್ನೆ ಸೋವಿನ್ಯೋ ಎಂಬ ದಪ್ಪಸಿಪ್ಪೆಯ ದ್ರಾಕ್ಷಿಯಿಂದಾದ ವೈನುಗಳಲ್ಲಿ ಈ ಗುಣ ವಿಶೇಷವಾಗಿ ಕಾಣುತ್ತದೆ. ಹೊಸಬರು ಇದನ್ನು ದೋಷವೆಂದಾರು. ಪರಿಣತರು ಇದರಲ್ಲಿಯೇ ದೀರ್ಘಾಯುಷ್ಯದ ಲಕ್ಷಣವನ್ನು ಅರಸುತ್ತಾರೆ.

ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದಲೂ ಓಕ್ ಮರದ ಪೀಪಾಯಿಯಿಂದಲೂ ಬರುವ ಟ್ಯಾನಿನ್ ಎಂಬ ದ್ರವ್ಯವೇ ಈ ಒಗರಿನ ಮೂಲ. ಶೀಷೆಯೊಳಗೆ ವರ್ಷಗಳು ಕಳೆದಂತೆ ಟ್ಯಾನಿನ್ನೂ ಬಣ್ಣದ ದ್ರವ್ಯಗಳೂ ಒಂದಕ್ಕೊಂದು ಹೆಣೆದುಕೊಂಡು, ಒಂದಷ್ಟು ಗಷ್ಟಾಗಿ ತಳಕ್ಕಿಳಿಯುತ್ತವೆ, ರಸ ಮೃದುವಾಗುತ್ತದೆ. ಲೋಟವನ್ನು ಬಿಳಿಯ ಬಟ್ಟೆಯ ಮೇಲೆ ಓರೆಯಾಗಿ ಹಿಡಿದರೆ ಅಂಚಿನ ಬಣ್ಣವೇ ವಯಸ್ಸನ್ನು ಸೂಚಿಸುತ್ತದೆ: ಎಳೆಯದಕ್ಕೆ ನೇರಳೆಯ ಛಾಯೆ, ಮಾಗಿದ್ದಕ್ಕೆ ಇಟ್ಟಿಗೆಯ ಛಾಯೆ. ಹಣ್ಣಿನ ಕಂಪು ಹಿಂದೆ ಸರಿದು ತೊಗಲು, ತಂಬಾಕು, ಒದ್ದೆ ಮಣ್ಣುಗಳನ್ನು ನೆನಪಿಸುವ ವಾಸನೆಗಳು ಮುಂದೆ ಬರುತ್ತವೆ. ಇವನ್ನು ಮೆಚ್ಚುವುದಕ್ಕೆ ಅಭ್ಯಾಸ ಬೇಕೆನ್ನಿ!

ಆದರೆ ಒಗರಿದ್ದ ಮಾತ್ರಕ್ಕೆ ಎಲ್ಲವೂ ಮಾಗಲಾರದು. ಹಣ್ಣಿನ ಸಾರ ತೆಳುವಾಗಿದ್ದರೆ ಒಗರು ಇಳಿಯುವ ಮೊದಲೇ ರಸ ಬತ್ತೀತು. ಆದ್ದರಿಂದ ಒಗರು, ಹುಳಿ, ಹಣ್ಣು ಮೂರನ್ನೂ ಒಟ್ಟಿಗೆ ತೂಗಬೇಕು. ನುಂಗಿದ ಬಳಿಕ ಸವಿ ಎಷ್ಟು ಹೊತ್ತು ಉಳಿಯುವುದೆಂದೂ ಗಮನಿಸಬೇಕು. ನನಗಂತೂ ಎಳೆಯ ವೈನಿನ ಗುಣವಿಮರ್ಶೆ ಕೂಸಿನ ಜಾತಕ ಬರೆದಂತೆಯೇ ತೋರುತ್ತದೆ.

ಇಂಥ ಜಾತಕವೊಂದನ್ನು ಕಾಲವೇ ಪರೀಕ್ಷಿಸಿದ ಪ್ರಸಂಗವುಂಟು. 1976ರ ಮೇ 24ರಂದು ಪ್ಯಾರಿಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವರ್ತಕರು ಫ್ರೆಂಚ್ ಪರಿಣತರ ಮುಂದೆ ಹೆಸರು ಮರೆಸಿದ ವೈನುಗಳನ್ನಿಟ್ಟರು. ಕೆಂಪು ವೈನುಗಳಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್‌ನ 1973ರ ವೈನು ಮೊದಲನೆಯದಾಯಿತು. ಬೋರ್ಡೋದ ಹೆಸರಾಂತ ಮೂಟೋನ್ ರಾಥ್‌ಶೀಲ್ಡ್‌ನ 1970ರದು ಎರಡನೆಯದು. ಬೋರ್ಡೋದ ವೈನುಗಳು ಮಾಗಲು ಹೆಚ್ಚು ಕಾಲ ಬೇಡುತ್ತವೆ, ಕೆಲವು ವರ್ಷ ತಡೆದು ನೋಡಿದರೆ ಫಲಿತಾಂಶ ತಿರುಗೀತು ಎಂಬ ಆಕ್ಷೇಪ ಎದ್ದಿತು. ಒಗರಿನ ಸ್ವಭಾವವನ್ನು ಬಲ್ಲವರು ಈ ಮಾತನ್ನು ಬರಿಯ ನೆಪವೆಂದು ತಳ್ಳಿಹಾಕುವಂತಿರಲಿಲ್ಲ.

ಮೂವತ್ತು ವರ್ಷಗಳ ಬಳಿಕ, 2006ರಲ್ಲಿ, ಅದೇ ಕೆಂಪು ವೈನುಗಳನ್ನು ಲಂಡನ್ನಿನಲ್ಲೂ ಕ್ಯಾಲಿಫೋರ್ನಿಯಾದ ನಾಪಾದಲ್ಲೂ ಪುನಃ ಪರೀಕ್ಷಿಸಿದರು. ಮೊದಲ ಐದು ಸ್ಥಾನಗಳೂ ಕ್ಯಾಲಿಫೋರ್ನಿಯಾದ ಪಾಲಾದವು. ಅಗ್ರಸ್ಥಾನ ಮಾತ್ರ ಕೈ ಬದಲಾಯಿಸಿತ್ತು: ಪ್ಯಾರಿಸಿನಲ್ಲಿ ಐದನೆಯದಾಗಿದ್ದ ರಿಡ್ಜ್ ಮಾಂಟೆ ಬೆಲ್ಲೊದ 1971ರ ವೈನು ಈ ಬಾರಿ ಮೊದಲನೆಯದಾಗಿತ್ತು.