ಆಮೆಗೆ ಸೋತ ಗರುಡ

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯ ಚೆನ್ನಕೇಶವ ದೇವಾಲಯವು ಅಲ್ಲಿನ ಗರುಡಮೂರ್ತಿಯಿಂದಾಗಿ ಸುಪ್ರಸಿದ್ಧವಾಗಿದೆ. ದೇವತೆಗಳನ್ನೇ ಗೆದ್ದು ಅಮೃತಕಲಶವನ್ನು ತಂದನೆಂದು ನಮ್ಮ ಪುರಾಣಗಳು ಕೊಂಡಾಡುವ ಈ ವೈನತೇಯನು ಥೈಲ್ಯಾಂಡಿನ ಒಂದು ಜನಪದ ಕಥೆಯಲ್ಲಿ ಆಮೆಗೆ ಸೋಲುತ್ತಾನೆಂದರೆ ಯಾರಿಗಾದರೂ ಆಶ್ಚರ್ಯವಾಗದಿರದು.

ಗರುಡನು ಆಮೆಯನ್ನು ತಿನ್ನಲು ಬಂದನು. ವೇಗದಲ್ಲಿ ತನ್ನನ್ನು ಗೆದ್ದ ಬಳಿಕ ತಿನ್ನಬಹುದೆಂದು ಆಮೆಯು ಪಂದ್ಯವೊಡ್ಡಿ, ದಾರಿಯುದ್ದಕ್ಕೂ ತನ್ನ ಬಂಧುಗಳನ್ನು ನಿಲ್ಲಿಸಿತು. ಗರುಡನು ಎಲ್ಲಿ ಕೂಗಿದರೂ ಅವನಿಗಿಂತ ಮುಂದೆ ಒಂದು ಆಮೆ ಓಗೊಟ್ಟಿತು!

ಜರ್ಮನಿಯ ಗ್ರಿಮ್ ಸಹೋದರರ ಸಂಗ್ರಹದಲ್ಲಿ ಇದೇ ಉಪಾಯವನ್ನು ಹೆಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿಯೊಂದು ಹೂಡುತ್ತದೆ. ಹೊಲದ ಒಂದು ತುದಿಯಲ್ಲಿ ಗಂಡು, ಇನ್ನೊಂದು ತುದಿಯಲ್ಲಿ ಹೆಣ್ಣು. ನಡುವೆ ಓಡಿ ಓಡಿ ಬಳಲಿದ ಮೊಲವು 74ನೆಯ ಓಟದಲ್ಲಿ ಪ್ರಾಣಬಿಡುತ್ತದೆ. 1880ರಲ್ಲಿ ಅಮೆರಿಕದ ಜೋಯೆಲ್ ಚಾಂಡ್ಲರ್ ಹ್ಯಾರಿಸ್ ಪ್ರಕಟಿಸಿದ ನೀಗ್ರೋ ಜನರ ಕಥೆಗಳಲ್ಲಿಯೂ ಆಮೆಯ ಸಂಸಾರವು ಮೊಲವನ್ನು ಹೀಗೆಯೇ ಸೋಲಿಸುತ್ತದೆ. ಜನಪದ ಕಥೆಗಳ ಆಶಯಗಳನ್ನು ವರ್ಗೀಕರಿಸಿದ ಸ್ಟಿತ್ ಥಾಮ್ಸನ್ ಎಂಬ ವಿದ್ವಾಂಸರು ಬಂಧುಗಳ ನೆರವಿನ ಈ ಮೋಸದ ಓಟಕ್ಕೆ ಕೆ 11.1 ಎಂಬ ಸಂಖ್ಯೆಯನ್ನು ಕೊಟ್ಟಿದ್ದಾರೆ.

ಇಷ್ಟು ಬಲಶಾಲಿಗಳು ಮೋಸಹೋದುದೆಲ್ಲಿ? ಕ್ರಮಿಸಿದ ದೂರವನ್ನು ಕಾಲದಿಂದ ಭಾಗಿಸಿದರೆ ಸರಾಸರಿ ವೇಗ ದೊರೆಯುತ್ತದೆಂದು ನಾವು ಶಾಲೆಯಲ್ಲಿಯೇ ಕಲಿತಿದ್ದೇವೆ. ಆದರೆ ಆ ಸೂತ್ರದಲ್ಲಿ ಬರೆಯದೆ ಉಳಿದ ನಿಬಂಧನೆಯೊಂದಿದೆ: ಎರಡು ತುದಿಗಳಲ್ಲಿಯೂ ಕಂಡ ವಸ್ತು ಒಂದೇ ಆಗಿರಬೇಕು. ಜಾತ್ರೆಯ ಸ್ವಾಗತದ್ವಾರದ ಮೇಲೆ ದೀಪಗಳು ಸಾಲುಸಾಲಾಗಿ ಓಡುವಂತೆ ಕಾಣುತ್ತವೆ. ವಾಸ್ತವವಾಗಿ ಒಂದು ಬಲ್ಬೂ ಕದಲಿರುವುದಿಲ್ಲ. ಒಂದಾದ ಮೇಲೊಂದು ಹೊತ್ತಿ ಆರುವ ದೀಪಗಳನ್ನು ನಮ್ಮ ಕಣ್ಣು ಒಂದೇ ದೀಪವೆಂದು ಗ್ರಹಿಸುತ್ತದೆ. ಗರುಡನು ಕಂಡ ಆಮೆಯ ವೇಗವೂ ಇಂಥದೇ.

ಕಥೆಯಲ್ಲಿ ಆಮೆಯ ಪ್ರಾಣವೇ ಪಣವಾಗಿದ್ದುದರಿಂದ ನಾವು ಅದರ ಪಕ್ಷ ವಹಿಸುತ್ತೇವೆ. ನಿಜಜೀವನದಲ್ಲಿ ಹಾಗಲ್ಲ. 1999ರಲ್ಲಿ ದಕ್ಷಿಣ ಆಫ್ರಿಕದ ಸುಮಾರು 90 ಕಿಲೋಮೀಟರುಗಳ ಕಾಮ್ರೇಡ್ಸ್ ಓಟದಲ್ಲಿ ನೋಡಲು ಒಂದೇ ತೆರನಾಗಿದ್ದ ಅಣ್ಣತಮ್ಮಂದಿರಿಬ್ಬರು ಮರೆಯಲ್ಲಿ ಉಡುಪು ಬದಲಿಸಿಕೊಂಡು ಸರದಿಯಂತೆ ಓಡಿ, ಒಬ್ಬನ ಹೆಸರಿನಲ್ಲಿ ಒಂಬತ್ತನೆಯ ಸ್ಥಾನವನ್ನು ಪಡೆದರು. ಪ್ರಾಮಾಣಿಕವಾಗಿ ಓಡಿದವರಿಗೆ ಸಲ್ಲಬೇಕಾದುದು ಇವರ ಪಾಲಾಯಿತು. ಬಳಿಕ ಛಾಯಾಚಿತ್ರಗಳನ್ನು ಹೋಲಿಸಿದಾಗ ಕೈಗಡಿಯಾರವು ಒಂದರಲ್ಲಿ ಎಡಗೈಯಲ್ಲಿಯೂ ಇನ್ನೊಂದರಲ್ಲಿ ಬಲಗೈಯಲ್ಲಿಯೂ ಇತ್ತು! ಗುಟ್ಟು ರಟ್ಟಾಯಿತು.

ಅಳತೆಗೆ ಮುನ್ನ ಗುರುತು ಬೇಕೆಂಬುದೇ ಇದರ ಪಾಠ. ವಲಸೆಹಕ್ಕಿಗಳನ್ನು ಅಭ್ಯಸಿಸುವ ವಿಜ್ಞಾನಿಗಳು ಹಕ್ಕಿಯ ಕಾಲಿಗೆ ಸಂಖ್ಯೆಯುಳ್ಳ ಹಗುರವಾದ ಬಳೆಯನ್ನು ತೊಡಿಸುವುದು ಇದಕ್ಕಾಗಿಯೇ. ಆಮೆಯ ಚಿಪ್ಪಿನ ಮೇಲೆ ಸುಣ್ಣದ ಬೊಟ್ಟೊಂದನ್ನು ಇಟ್ಟು ಹಾರಿದ್ದರೆ ಗರುಡನು ಸೋಲುತ್ತಿರಲಿಲ್ಲ.